ಒಗ್ಗುವುದು ಮತ್ತು ಒಪ್ಪುವುದು

ಕನ್ನಡದಲ್ಲಿ ‘ಒಗ್ಗುವುದು’ ಎಂಬ ಸರಳವಾದ ಮಾತೊಂದಿದೆ. ಮದುವೆಯಾಗಿ ಬೇರೆ ಊರಿಗೆ ಹೋದ ಮಗಳಿಗೆ ಅಲ್ಲಿಯ ನೀರು ಒಗ್ಗಲಿಲ್ಲ ಎನ್ನುತ್ತೇವೆ. ಬದನೆಕಾಯಿ ಕೆಲವರ ಮೈಗೆ ಒಗ್ಗುವುದಿಲ್ಲ. ನಮ್ಮ ಮನೆಗಳ ದಖನಿಯಲ್ಲಿ ಇದನ್ನೇ ‘ನೈ ಜಮ್ತಾ’ ಎನ್ನುತ್ತಾರೆ. ಉರ್ದು ಶಾಲೆಯಲ್ಲಿ ಓದಿದ ಹಿರಿಯರು ಸ್ವಲ್ಪ ಗಂಭೀರವಾಗಿ ‘ಮುವಾಫಿಕ್ ನಹೀಂ’ ಎಂದಾರು. ಈ ಮಾತಿನಲ್ಲಿ ಯಾರ ಮೇಲೂ ತಪ್ಪು ಹೊರಿಸುವುದಿಲ್ಲ. ನೀರು ಕೆಟ್ಟದ್ದಲ್ಲ, ಮೈಯೂ ಕೆಟ್ಟದ್ದಲ್ಲ. ಎರಡಕ್ಕೂ ಹೊಂದಿಕೆಯಾಗಲಿಲ್ಲ, ಅಷ್ಟೆ.

‘ಒಪ್ಪುವುದು’ ಇದಕ್ಕೆ ತೀರಾ ಹತ್ತಿರದ ಮಾತಿನಂತೆ ಕೇಳಿಸಿದರೂ ಅದರ ದಾರಿಯೇ ಬೇರೆ. ಒಗ್ಗಿತೋ ಇಲ್ಲವೋ ಎಂದು ಹೇಳಬೇಕಾದದ್ದು ನಮ್ಮ ಮೈ. ಒಪ್ಪಿಗೆಯಾಯಿತೋ ಇಲ್ಲವೋ ಎಂದು ಹೇಳಬೇಕಾದವರು ಎದುರು ಕುಳಿತವರು. ‘ಹುಡುಗಿ ಒಪ್ಪಿಗೆಯಾದಳಾ?’ ಎಂದು ಕೇಳುವಾಗ ಹುಡುಗಿ ಮಾತಾಡುವವಳಲ್ಲ, ಮಾತಾಡಿಸಿಕೊಳ್ಳುವವಳು. ಈ ಎರಡು ಮಾತುಗಳ ನಡುವಿನ ಅಂತರವನ್ನು ಇಂದು ಮುಖಕ್ಕೆ ಹಚ್ಚುವ ಒಂದು ಪುಟ್ಟ ಸೀಸೆ ಅಳಿಸಿ ಹಾಕುತ್ತಿದೆಯೇ ಎಂಬುದು ನಮ್ಮ ಪ್ರಶ್ನೆ.

ಆ ಸೀಸೆಯ ಹೆಸರು ಸೀರಮ್. ಹತ್ತು ಹದಿನೈದು ವರ್ಷಗಳ ಹಿಂದೆ ದೊಡ್ಡ ನಗರಗಳ ದೊಡ್ಡ ಅಂಗಡಿಗಳಲ್ಲಷ್ಟೇ ಕಾಣುತ್ತಿದ್ದ ಇದು ಈಗ ತಾಲೂಕು ಕೇಂದ್ರದ ಫ್ಯಾನ್ಸಿ ಸ್ಟೋರಿಗೂ ಮೆಡಿಕಲ್ ಶಾಪಿಗೂ ಬಂದಿದೆ. ಕ್ರೀಮಿನಷ್ಟು ದಪ್ಪವಿಲ್ಲ, ಎಣ್ಣೆಯಷ್ಟು ಜಿಡ್ಡಿಲ್ಲ. 30 ಮಿಲಿ ಲೀಟರಿನ ಗಾಜಿನ ಸೀಸೆ, ಮುಚ್ಚಳದಲ್ಲಿ ಹನಿ ಹಾಕುವ ರಬ್ಬರಿನ ಪಿಚಕಾರಿ. ಚರ್ಮದ ಮೇಲೆ ಕೆಲಸ ಮಾಡುವ ಒಂದೋ ಎರಡೋ ವಸ್ತುಗಳನ್ನು ಹೆಚ್ಚು ಪ್ರಮಾಣದಲ್ಲಿ ತೆಳ್ಳಗಿನ ದ್ರವದೊಳಗೆ ಕರಗಿಸಿ ಕೊಡುವುದೇ ಇದರ ಹೂರಣ. ಬೆಲೆ ಐದಾರು ನೂರು ರೂಪಾಯಿ, ಕೆಲವಕ್ಕೆ ಅದಕ್ಕಿಂತಲೂ ಹೆಚ್ಚು. ಬೀಡಿ ಕಟ್ಟುವ ತಾಯಿಯ ಎರಡು ಮೂರು ದಿನಗಳ ದುಡಿಮೆ ಒಂದು ಹೆಬ್ಬೆರಳಿನಷ್ಟುದ್ದದ ಸೀಸೆಯಲ್ಲಿ ಕೂತಿರುತ್ತದೆ.

ಇದನ್ನು ಕೈಯಲ್ಲಿ ಹಿಡಿದು ಬರುವ ನಮ್ಮ ಮನೆಯ ಹೆಣ್ಣುಮಕ್ಕಳು ಕೇಳುವುದು ಒಂದೇ ಮಾತು: “ಖಾಲಾ, ಯೇ ಮೇರೆಕು ಜಮೇಗಾ ಕ್ಯಾ?” ಇದು ನನಗೆ ಒಗ್ಗುತ್ತದೆಯೇ? ಒಳ್ಳೆಯ ಪ್ರಶ್ನೆ. ಇದನ್ನು ಹಗುರವಾಗಿ ತಳ್ಳಿಹಾಕುವುದು ಸರಿಯಲ್ಲ. ‘ಇದೆಲ್ಲ ಶೋಕಿ’ ಎಂದು ಗದರಿಸಿ ಕಳಿಸಿದರೆ ಅವಳು ಇನ್ನೊಬ್ಬರನ್ನು ಕೇಳುತ್ತಾಳೆ, ಆ ಇನ್ನೊಬ್ಬರು ಬಹುಮಟ್ಟಿಗೆ ಮಾರುವವರೇ ಆಗಿರುತ್ತಾರೆ. ಆದ್ದರಿಂದ ಮೊದಲು ಪ್ರಶ್ನೆಗೆ ನೇರವಾಗಿಯೇ ಉತ್ತರ ಹುಡುಕೋಣ.

ಚರ್ಮವೆಂದರೆ ಹೊದಿಕೆ ಮಾತ್ರವಲ್ಲ, ಅದೊಂದು ಗೋಡೆ. ಅದರ ತೀರಾ ಹೊರಗಿನ ಪದರದಲ್ಲಿ ಸತ್ತ ಜೀವಕೋಶಗಳು ಇಟ್ಟಿಗೆಗಳಂತೆ ಜೋಡಿಸಿಕೊಂಡಿರುತ್ತವೆ. ನಡುವೆ ಗಾರೆಯಂತೆ ಸೆರಮೈಡ್, ಕೊಲೆಸ್ಟರಾಲ್ ಮುಂತಾದ ಕೊಬ್ಬಿನ ಅಂಶಗಳಿರುತ್ತವೆ. ಗಾರೆ ಗಟ್ಟಿಯಿದ್ದರೆ ಒಳಗಿನ ನೀರು ಹೊರಗೆ ಹೋಗದು, ಹೊರಗಿನ ಕೊಳೆ ಒಳಗೆ ಬಾರದು. ಆರೋಗ್ಯವಂತ ಚರ್ಮದ ಮೇಲ್ಮೈ ಸ್ವಲ್ಪ ಹುಳಿ ಗುಣದ್ದು. ಬಟ್ಟೆ ಸೋಪಿನಂತಹ ಕ್ಷಾರದಿಂದ ಮುಖ ಉಜ್ಜಿದರೆ ಚರ್ಮ ಬಿಗಿದುಕೊಳ್ಳುವುದು ಇದೇ ಕಾರಣಕ್ಕೆ. ಈ ಗೋಡೆ ಸುಮಾರು ನಾಲ್ಕು ವಾರಕ್ಕೊಮ್ಮೆ ತನ್ನನ್ನು ತಾನೇ ಹೊಸದಾಗಿ ಕಟ್ಟಿಕೊಳ್ಳುತ್ತದೆ, ವಯಸ್ಸಾದಂತೆ ಇನ್ನೂ ನಿಧಾನ. ಆದ್ದರಿಂದ ಏಳು ದಿನದಲ್ಲಿ ಮುಖವೇ ಬದಲಾಗುತ್ತದೆ ಎಂದು ಯಾರಾದರೂ ಹೇಳಿದರೆ ಅವರಿಗೆ ಚರ್ಮದ ಪಂಚಾಂಗವೇ ಗೊತ್ತಿಲ್ಲ ಎಂದುಕೊಳ್ಳಬೇಕು.

ಎಲ್ಲರ ಗೋಡೆಯೂ ಒಂದೇ ತರಹ ಇರುವುದಿಲ್ಲ. ಯುನಾನಿ ಹಕೀಮರು ಶತಮಾನಗಳಿಂದ ‘ಮಿಜಾಜ್’ ಎಂಬ ಮಾತಾಡುತ್ತಾ ಬಂದಿದ್ದಾರೆ. ಬಿಸಿ, ತಂಪು, ಒಣ, ಹಸಿ ಎಂಬ ಗುಣಗಳು ಪ್ರತಿ ದೇಹದಲ್ಲೂ ಬೇರೆ ಬೇರೆ ಪ್ರಮಾಣದಲ್ಲಿ ಬೆರೆತಿರುತ್ತವೆ, ಆದ್ದರಿಂದ ಒಬ್ಬನ ಔಷಧಿ ಇನ್ನೊಬ್ಬನಿಗಲ್ಲ ಎಂಬುದು ಅದರ ಸಾರ. ಇಂದಿನ ವೈದ್ಯಶಾಸ್ತ್ರ ಆ ಲೆಕ್ಕಾಚಾರವನ್ನು ಒಪ್ಪುವುದಿಲ್ಲವಾದರೂ ಅದರೊಳಗಿನ ವಿವೇಕವನ್ನು ಬಿಟ್ಟುಕೊಟ್ಟಿಲ್ಲ. ಒಣ ಚರ್ಮ, ಜಿಡ್ಡಿನ ಚರ್ಮ, ಹಣೆ ಮೂಗಿನ ಮೇಲೆ ಜಿಡ್ಡಾಗಿ ಕೆನ್ನೆ ಒಣಗಿರುವ ಮಿಶ್ರ ಚರ್ಮ, ಸಣ್ಣದಕ್ಕೂ ಉರಿಯುವ ಸೂಕ್ಷ್ಮ ಚರ್ಮ ಎಂದು ಅದೂ ವಿಂಗಡಿಸುತ್ತದೆ. ನಮ್ಮದು ಯಾವುದೆಂದು ತಿಳಿಯಲು ದುಡ್ಡು ಕೊಡಬೇಕಿಲ್ಲ. ಮುಖವನ್ನು ಮೃದುವಾದ ಸೋಪಿನಿಂದ ತೊಳೆದು, ಏನೂ ಹಚ್ಚದೆ, ಒಂದು ಗಂಟೆ ಬಿಟ್ಟು ಮುಟ್ಟಿ ನೋಡಿದರೆ ಸಾಕು. ಬಿಗಿಯೆನಿಸಿದರೆ ಒಣ, ಎಲ್ಲ ಕಡೆ ಹೊಳೆದರೆ ಜಿಡ್ಡು, ಹಣೆ ಮೂಗು ಮಾತ್ರ ಹೊಳೆದರೆ ಮಿಶ್ರ. ಋತು ಬದಲಾದರೆ, ಊರು ಬದಲಾದರೆ, ವಯಸ್ಸು ಬದಲಾದರೆ ಉತ್ತರವೂ ಬದಲಾಗುತ್ತದೆ. ಮಂಗಳೂರಿನ ಬೆವರಿನಲ್ಲಿ ಒಗ್ಗದ್ದು ಬಿಜಾಪುರದ ಒಣಗಾಳಿಯಲ್ಲಿ ಒಗ್ಗಬಹುದು.

ಇನ್ನು ಸೀಸೆಯೊಳಗಿನ ವಸ್ತುಗಳು. ಹೈಅಲುರಾನಿಕ್ ಆಸಿಡ್ ಎಂಬುದು ಹೆಸರಿಗೆ ಆಮ್ಲವಾದರೂ ಸುಡುವಂತಹದ್ದಲ್ಲ. ನೀರನ್ನು ಹಿಡಿದಿಡುವುದು ಅದರ ಕೆಲಸ. ಕಾರ್ಲ್ ಮೆಯರ್ ಮತ್ತು ಜಾನ್ ಪಾಮರ್ ಎಂಬ ವಿಜ್ಞಾನಿಗಳು 1934ರಲ್ಲಿ ಇದನ್ನು ದನದ ಕಣ್ಣಿನೊಳಗಿನ ಲೋಳೆಯಿಂದ ಬೇರ್ಪಡಿಸಿದರು. ಆಮೇಲೆ ಹುಂಜದ ಜುಟ್ಟಿನಿಂದ ತೆಗೆಯುತ್ತಿದ್ದರು, ಈಗ ಹೆಚ್ಚಾಗಿ ಬ್ಯಾಕ್ಟೀರಿಯಾಗಳ ಮೂಲಕ ತಯಾರಿಸುತ್ತಾರೆ. ಒಣ ಚರ್ಮಕ್ಕೂ, ನೀರಿನಂಶ ಕಡಿಮೆಯಾದ ಜಿಡ್ಡಿನ ಚರ್ಮಕ್ಕೂ ಇದು ಒಗ್ಗುತ್ತದೆ. ಆದರೆ ಮುಖ ಒದ್ದೆಯಿರುವಾಗಲೇ ಹಚ್ಚಿ, ಮೇಲೆ ಒಂದು ಸಾದಾ ಕ್ರೀಮ್ ಹಚ್ಚಬೇಕು. ಇಲ್ಲವಾದರೆ ಒಣಹವೆಯಲ್ಲಿ ಹಿಡಿದ ನೀರೂ ಆರಿಹೋಗುತ್ತದೆ. ನೀರು ಹಿಡಿಯುವ ಇದೇ ಕೆಲಸವನ್ನು ಬಹಳ ಅಗ್ಗದ ಗ್ಲಿಸರಿನ್ ಕೂಡಾ ಚೆನ್ನಾಗಿಯೇ ಮಾಡುತ್ತದೆ ಎಂಬುದನ್ನು ಯಾವ ಜಾಹೀರಾತೂ ಹೇಳುವುದಿಲ್ಲ.

ಜಿಡ್ಡು ಮತ್ತು ಮೊಡವೆಯ ಚರ್ಮಕ್ಕೆ ಸ್ಯಾಲಿಸಿಲಿಕ್ ಆಸಿಡ್ ಇದೆ. ಅದು ಎಣ್ಣೆಯಲ್ಲಿ ಕರಗುವಂತಹದ್ದಾದ್ದರಿಂದ ರಂಧ್ರಗಳೊಳಗೆ ಇಳಿದು ಕಟ್ಟಿಕೊಂಡದ್ದನ್ನು ಸಡಿಲಿಸುತ್ತದೆ. ಶೇಕಡಾ ಅರ್ಧದಿಂದ ಎರಡರವರೆಗೆ ಸಾಕು. ಒಣ ಚರ್ಮದವರು ಅದನ್ನು ದಿನವೂ ಹಚ್ಚಿದರೆ ಗೋಡೆಯ ಗಾರೆಯನ್ನೇ ಕೆರೆದಂತಾಗುತ್ತದೆ. ಕಬ್ಬಿನಲ್ಲಿಯೂ ಸಿಗುವ ಗ್ಲೈಕಾಲಿಕ್ ಆಸಿಡ್ ಮೇಲಿನ ಸತ್ತ ಪದರವನ್ನು ಸಡಿಲಿಸುತ್ತದೆ, ಜೊತೆಗೆ ಬಿಸಿಲಿಗೆ ಚರ್ಮವನ್ನು ಇನ್ನಷ್ಟು ಸೂಕ್ಷ್ಮವಾಗಿಸುತ್ತದೆ. ವಿಟಮಿನ್ ಸಿ ಎಂದರೆ ಆಸ್ಕಾರ್ಬಿಕ್ ಆಸಿಡ್. ಬಿಸಿಲಿನಿಂದಾಗುವ ಹಾನಿಯನ್ನು ತಗ್ಗಿಸುವ ಗುಣ ಅದಕ್ಕಿದೆ. ಆದರೆ ಸಾಕಷ್ಟು ಹುಳಿಯಾದ ದ್ರವದಲ್ಲಿದ್ದರೆ ಮಾತ್ರ ಅದು ಚರ್ಮದೊಳಗೆ ಇಳಿಯುತ್ತದೆ, ಆ ಹುಳಿಯೇ ಸೂಕ್ಷ್ಮ ಚರ್ಮಕ್ಕೆ ಉರಿ. ಗಾಳಿ ಬೆಳಕು ತಾಗಿ ಕಂದು ಬಣ್ಣಕ್ಕೆ ತಿರುಗಿದ ಸೀಸೆಯನ್ನು ದುಡ್ಡಿನ ಮುಖ ನೋಡದೆ ಎಸೆಯಬೇಕು. ವಿಟಮಿನ್ ಎ ಕುಟುಂಬದ ರೆಟಿನಾಲ್ ರಾತ್ರಿ ಮಾತ್ರ, ಸ್ವಲ್ಪ ಸ್ವಲ್ಪವಾಗಿ. ಗರ್ಭಿಣಿಯರು ಅದನ್ನು ಮುಟ್ಟಬಾರದು. ಮೊಡವೆಯ ಕಲೆಗಳಿಗೆ ಅಜೆಲಾಯಿಕ್ ಆಸಿಡ್ ಸೌಮ್ಯವಾದದ್ದು, ಕಂದು ಚರ್ಮಕ್ಕೆ ಚೆನ್ನಾಗಿ ಒಗ್ಗುವಂತಹದ್ದು.

ಮದುಮಗಳಿಗೆ ಹಚ್ಚುವ ಉಬ್ಟನ್ನಿನಲ್ಲಿ ಅಜ್ಜಿಯರು ಸೇರಿಸುತ್ತಿದ್ದ ಅತಿಮಧುರದ ಸಾರ ಇಂದಿನ ಹಲವು ಸೀರಮ್‌ಗಳಲ್ಲಿದೆ. ಹಾಗೆಂದು ಮನೆಯದೆಲ್ಲ ಒಳ್ಳೆಯದು, ಸೀಸೆಯದೆಲ್ಲ ಕೆಟ್ಟದ್ದು ಎನ್ನುವಂತಿಲ್ಲ. ಮುಖಕ್ಕೆ ನಿಂಬೆ ಹುಳಿ ಉಜ್ಜಿ ಬಿಸಿಲಿಗೆ ಹೋಗುವುದು ಯಾವ ರಾಸಾಯನಿಕಕ್ಕೂ ಕಡಿಮೆಯಿಲ್ಲದಂತೆ ಚರ್ಮವನ್ನು ಸುಡುತ್ತದೆ. ಕೊಬ್ಬರಿ ಎಣ್ಣೆ ಮೊಡವೆಯ ಮುಖದಲ್ಲಿ ರಂಧ್ರಗಳನ್ನು ಕಟ್ಟಬಹುದು. ಯಾವುದೇ ಹೊಸತನ್ನು ಮುಖಕ್ಕೆ ಹಚ್ಚುವ ಮೊದಲು ಕೆಲವು ದಿನ ಮುಂಗೈಯ ಒಳಭಾಗಕ್ಕೆ ಹಚ್ಚಿ ನೋಡುವುದು, ಒಂದು ಸಲಕ್ಕೆ ಒಂದನ್ನೇ ಪ್ರಯತ್ನಿಸುವುದು ಎಲ್ಲಕ್ಕೂ ಒಪ್ಪುವ ನಿಯಮ. ಮೈಯನ್ನು ಕೇಳಿ ಅದರ ಉತ್ತರಕ್ಕೆ ಕಾಯುವುದು ಎಂದರೆ ಇಷ್ಟೇ.

ಇಲ್ಲಿಯವರೆಗೆ ಎಲ್ಲವೂ ‘ಒಗ್ಗುವ’ ಲೋಕದ ಮಾತು. ಈಗ ನಮ್ಮವರ ಬಾಯಲ್ಲಿ ಹೆಚ್ಚು ಕೇಳಿಬರುವ ಒಂದು ವಸ್ತುವನ್ನು ನೋಡೋಣ. ಅದು ನಯಾಸಿನಮೈಡ್, ಅಂದರೆ ಬಿ3 ವಿಟಮಿನ್ನಿನ ಒಂದು ರೂಪ. ಇದರ ಚರಿತ್ರೆ ಮುಖದಿಂದಲ್ಲ, ಹಸಿವಿನಿಂದ ಆರಂಭವಾಗುತ್ತದೆ.

ಪೆಲಾಗ್ರಾ ಎಂಬ ರೋಗವಿದೆ. ಬಿಸಿಲು ಬೀಳುವ ಕಡೆಗಳಲ್ಲಿ, ಕೈಗಳ ಮೇಲೆ, ಕುತ್ತಿಗೆಯ ಸುತ್ತ, ಚರ್ಮ ಕಪ್ಪಾಗಿ ಒರಟಾಗಿ ಸುಲಿಯುತ್ತದೆ. ಆಮೇಲೆ ಭೇದಿ, ಆಮೇಲೆ ಬುದ್ಧಿಭ್ರಮೆ, ಕೊನೆಗೆ ಸಾವು. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಬರೀ ಮುಸುಕಿನ ಜೋಳ ತಿಂದು ಬದುಕುತ್ತಿದ್ದ ಬಡವರಲ್ಲಿ ಇದು ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತ್ತು. ಇದು ಅಂಟುರೋಗವಲ್ಲ, ಊಟದ ಕೊರತೆ ಎಂದು ಜೋಸೆಫ್ ಗೋಲ್ಡ್‌ಬರ್ಗರ್ 1914ರಿಂದ ಹಿಡಿದು ಸಾಯುವವರೆಗೂ ಸಾಧಿಸುತ್ತಾ ಬಂದರು. ಕೊರತೆಯಾಗಿರುವುದು ಈ ವಿಟಮಿನ್ ಎಂಬುದು 1937ರಲ್ಲಿ ಕಾನ್ರಾಡ್ ಎಲ್ವೆಹ್ಯೆಮ್ ಅವರ ಸಂಶೋಧನೆಯಿಂದ ಗೊತ್ತಾಯಿತು. ನಮ್ಮ ದಖನ್ ಪ್ರಸ್ಥಭೂಮಿಯಲ್ಲೂ ಈ ರೋಗವಿತ್ತು. ಬೇಳೆ, ಸೊಪ್ಪು, ಮಜ್ಜಿಗೆ ಏನೂ ಇಲ್ಲದೆ ಬರೀ ಬಿಳಿಜೋಳ ತಿಂದು ಹೊಲದಲ್ಲಿ ದುಡಿಯುತ್ತಿದ್ದ ಕೂಲಿಗಳಲ್ಲಿ ಅದು ಕಾಣುತ್ತಿತ್ತು. ಇಂದು ರಾಷ್ಟ್ರೀಯ ಪೋಷಣಾ ಸಂಸ್ಥೆ ಎಂದು ಕರೆಯಲ್ಪಡುವ ಹೈದರಾಬಾದಿನ ಸಂಸ್ಥೆಯಲ್ಲಿ ಡಾ. ಸಿ. ಗೋಪಾಲನ್ ಮತ್ತು ಅವರ ಸಂಗಡಿಗರು 1960ರ ದಶಕದಲ್ಲಿ ಇದನ್ನು ಅಧ್ಯಯನ ಮಾಡಿದರು. ಜೋಳದಲ್ಲಿ ಹೆಚ್ಚಾಗಿರುವ ಲ್ಯೂಸಿನ್ ಎಂಬ ಅಂಶ ಈ ರೋಗಕ್ಕೆ ದಾರಿ ಮಾಡುತ್ತದೆ ಎಂಬ ವಾದವನ್ನು ಮುಂದಿಟ್ಟರು.

ಆ ವೈದ್ಯರು ಕಪ್ಪಾಗಿ ಸುಲಿದ ಕೂಲಿಯ ಕೈಯನ್ನು ನೋಡಿ ಕೇಳಿದ ಪ್ರಶ್ನೆ ‘ಈ ದೇಹಕ್ಕೆ ಏನು ಕೊರತೆಯಾಗಿದೆ?’ ಎಂಬುದು. ಅದೇ ವಿಟಮಿನ್ ಇನ್ನೊಂದು ದಾರಿಯಿಂದಲೂ ನಮ್ಮ ಮನೆಗಳಿಗೆ ಬಂತು. 1975ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ‘ಫೇರ್ ಅಂಡ್ ಲವ್ಲಿ’ ಕ್ರೀಮಿನ ಮುಖ್ಯ ವಸ್ತು ನಯಾಸಿನಮೈಡ್. ಚರ್ಮದ ಬಣ್ಣದ ಕಣಗಳು ಅವುಗಳನ್ನು ತಯಾರಿಸುವ ಜೀವಕೋಶಗಳಿಂದ ಮೇಲಿನ ಜೀವಕೋಶಗಳಿಗೆ ಸಾಗುವುದನ್ನು ಈ ವಸ್ತು ಸ್ವಲ್ಪ ಮಟ್ಟಿಗೆ ತಡೆಯುತ್ತದೆ. ಅದು ನಿಜ. ಗೋಡೆಯ ಗಾರೆಯನ್ನು ಬಲಪಡಿಸುವುದೂ ನಿಜ. ಆದ್ದರಿಂದಲೇ ಶೇಕಡಾ ಎರಡರಿಂದ ಐದರಷ್ಟು ಪ್ರಮಾಣದಲ್ಲಿ ಅದು ಬಹುತೇಕ ಎಲ್ಲ ಚರ್ಮಕ್ಕೂ ಒಗ್ಗುತ್ತದೆ. ಆದರೆ ಅದನ್ನು ಮಾರಿದ ರೀತಿಯಲ್ಲಿ ಕೇಳಲಾದ ಪ್ರಶ್ನೆ ‘ಏನು ಕೊರತೆಯಾಗಿದೆ?’ ಎಂಬುದಾಗಿರಲಿಲ್ಲ. ‘ಈ ಹುಡುಗಿಯಲ್ಲಿ ಏನು ತಪ್ಪಾಗಿದೆ?’ ಎಂಬುದಾಗಿತ್ತು. ವಸ್ತು ಒಂದೇ, ಕೇಳಿದ ಪ್ರಶ್ನೆ ಬೇರೆ. ನಮ್ಮ ಮಟ್ಟಿಗೆ ಧರ್ಮಸೂಕ್ಷ್ಮವಿರುವುದು ವಸ್ತುವಿನಲ್ಲಲ್ಲ, ಈ ಪ್ರಶ್ನೆಯಲ್ಲಿ.

ಅದೇ 1975ರಲ್ಲಿ ಹಾರ್ವರ್ಡಿನ ಚರ್ಮವೈದ್ಯ ಥಾಮಸ್ ಫಿಟ್ಜ್‌ಪ್ಯಾಟ್ರಿಕ್ ಚರ್ಮವನ್ನು ಬೇರೊಂದು ಬಗೆಯಲ್ಲಿ ವಿಂಗಡಿಸಿದರು. ಬೆಳಕಿನ ಚಿಕಿತ್ಸೆಗೆ ಎಷ್ಟು ಪ್ರಮಾಣ ಕೊಡಬೇಕು ಎಂದು ತಿಳಿಯಲು ‘ಬಿಸಿಲಿಗೆ ಹೋದರೆ ನಿಮ್ಮ ಚರ್ಮ ಸುಡುತ್ತದೆಯೋ, ಕಂದಾಗುತ್ತದೆಯೋ?’ ಎಂದು ರೋಗಿಗಳನ್ನೇ ಕೇಳುವ ಪದ್ಧತಿ ಅದು. ಮೊದಲು ಬಿಳಿಯರನ್ನಷ್ಟೇ ಮನಸ್ಸಿನಲ್ಲಿಟ್ಟು ಮಾಡಿದ್ದರಿಂದ ಕಂದು ಮತ್ತು ಕಪ್ಪು ಚರ್ಮಗಳಿಗೆ ಅದರಲ್ಲಿ ಜಾಗ ಸಿಕ್ಕಿದ್ದು ಆಮೇಲೆ. ಆ ಕುಂದು ಇದ್ದೇ ಇದೆ. ಆದರೂ ಅದು ಬಿಸಿಲನ್ನೂ ಚರ್ಮವನ್ನೂ ಎದುರು ಬದುರು ನಿಲ್ಲಿಸಿ ಕೇಳಿದ ಪ್ರಶ್ನೆ. ಅದೇ ವರ್ಷ ನಮ್ಮ ಅಂಗಡಿಗಳಿಗೆ ಬಂದ ಕ್ರೀಮ್ ಚರ್ಮದ ಎದುರು ನಿಲ್ಲಿಸಿದ್ದು ಬಿಸಿಲನ್ನಲ್ಲ, ನೋಡಲು ಬರುವ ಗಂಡಿನ ಕಡೆಯವರನ್ನು. 2020ರಲ್ಲಿ ಆ ಕ್ರೀಮಿನ ಹೆಸರು ‘ಗ್ಲೋ ಅಂಡ್ ಲವ್ಲಿ’ ಎಂದು ಬದಲಾಯಿತು. ‘ಬಿಳುಪು’ ಎನ್ನಲು ನಾಚಿಕೊಂಡ ಮಾರುಕಟ್ಟೆ ಈಗ ‘ಹೊಳಪು’ ಎನ್ನುತ್ತಿದೆ. ಸೀರಮ್ ಸೀಸೆಗಳ ಮೇಲಿರುವುದೂ ಇದೇ ಮಾತು.

ನಮ್ಮ ಕಡೆ ಹೆಣ್ಣು ನೋಡಿ ಹೋದವರು ಕಳಿಸುವ ಉತ್ತರ ಬಹಳ ನಯವಾಗಿರುತ್ತದೆ. “ಲಡ್ಕಿ ಅಚ್ಛೀಚ್ ಹೈ, ಜರಾ ರಂಗ್ ಕಮ್ ಹೈ.” ಕನ್ನಡದಲ್ಲೂ ‘ಹುಡುಗಿ ಒಳ್ಳೆಯವಳೇ, ಬಣ್ಣ ಸ್ವಲ್ಪ ಕಡಿಮೆ’ ಎನ್ನುತ್ತಾರೆ. ಕತೆ ಬರೆಯುವ ನಮಗೆ ಈ ಮಾತು ಯಾವಾಗಲೂ ವಿಚಿತ್ರವಾಗಿ ಕಂಡಿದೆ. ಬಣ್ಣ ತಯಾರಿಸುವ ಜೀವಕೋಶಗಳ ಸಂಖ್ಯೆ ಬಿಳಿಯರಲ್ಲೂ ಕರಿಯರಲ್ಲೂ ಹೆಚ್ಚು ಕಡಿಮೆ ಒಂದೇ. ಅವು ತಯಾರಿಸುವ ಮೆಲನಿನ್ ಕಣಗಳ ಗಾತ್ರ, ಪ್ರಮಾಣ ಮತ್ತು ಹಂಚಿಕೆಯಲ್ಲಿ ಮಾತ್ರ ವ್ಯತ್ಯಾಸ. ಅಂದರೆ ಕಪ್ಪು ಹುಡುಗಿಯಲ್ಲಿ ಬಣ್ಣ ಹೆಚ್ಚು! ಬಿಸಿಲಿನ ಎದುರು ಆ ಬಣ್ಣವೇ ಕೊಡೆ. ಇದ್ದ ಸಂಪತ್ತನ್ನು ಕೊರತೆಯೆಂದು ಕರೆಯುವ ಭಾಷೆ ನಮ್ಮಲ್ಲಿ ಹೇಗೆ ಬಂತು? ಕೊರತೆಯೆಂದು ಹೆಸರಿಟ್ಟ ಮೇಲೆ ಅದನ್ನು ತುಂಬಲು ಸೀಸೆ ಬಂದೇ ಬರುತ್ತದೆ.

ವ್ಯಕ್ತಿಯನ್ನು ಬಿಟ್ಟು ಚರ್ಮವನ್ನು ಮಾತ್ರ ನೋಡುವ ಈ ಕಣ್ಣು ಹೆಣ್ಣು ನೋಡುವ ಚಾವಡಿಯಲ್ಲಷ್ಟೇ ಇಲ್ಲ. ಪ್ರಯೋಗಶಾಲೆಯಲ್ಲೂ ಅದು ಇತ್ತು. ರೆಟಿನಾಲಿನ ಬಲಶಾಲಿ ಸೋದರ ಟ್ರೆಟಿನಾಯಿನ್ ಎಂಬ ಔಷಧಿ 1971ರಲ್ಲಿ ಅಮೆರಿಕದಲ್ಲಿ ಮೊಡವೆಗೆಂದು ಅನುಮತಿ ಪಡೆಯಿತು. ಅದರ ಹಿಂದಿದ್ದ ಪ್ರಮುಖ ಹೆಸರು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಚರ್ಮವೈದ್ಯ ಆಲ್ಬರ್ಟ್ ಕ್ಲಿಗ್ಮನ್. ಅವರು 1951ರಿಂದ 1974ರವರೆಗೆ ಫಿಲಡೆಲ್ಫಿಯಾದ ಹೋಮ್ಸ್‌ಬರ್ಗ್ ಜೈಲಿನಲ್ಲಿ ನೂರಾರು ಕೈದಿಗಳ ಮೇಲೆ ಚರ್ಮದ ಪ್ರಯೋಗಗಳನ್ನು ನಡೆಸಿದರು. ಕೈದಿಗಳಲ್ಲಿ ಹೆಚ್ಚಿನವರು ಕರಿಯರು, ಎಷ್ಟೋ ಜನ ವಿಚಾರಣೆಗಾಗಿ ಕಾದಿದ್ದವರು. ಸಿಗುತ್ತಿದ್ದುದು ಕೆಲವು ಡಾಲರುಗಳು. ಮುಲಾಮು, ಸೌಂದರ್ಯವರ್ಧಕಗಳಿಂದ ಹಿಡಿದು ಡಯಾಕ್ಸಿನ್‌ನಂತಹ ವಿಷದವರೆಗೆ ಅವರ ಬೆನ್ನಿನ ಮೇಲೆ ಪರೀಕ್ಷೆಯಾಯಿತು. ವಿಶ್ವವಿದ್ಯಾಲಯ 2021ರಲ್ಲಿ, ಫಿಲಡೆಲ್ಫಿಯಾ ನಗರ 2022ರಲ್ಲಿ ಕ್ಷಮೆ ಕೇಳಿದವು. ಅಷ್ಟರಲ್ಲಿ ಅರ್ಧ ಶತಮಾನ ಕಳೆದಿತ್ತು. ಅಲ್ಲಿ ಯಾರೂ ಆ ಚರ್ಮಕ್ಕೆ ಒಗ್ಗುತ್ತದೆಯೇ ಎಂದು ಅದರ ಒಡೆಯನ ಹಿತಕ್ಕಾಗಿ ಕೇಳಲಿಲ್ಲ. ಬೇರೆ ಯಾರದೋ ಮುಖಕ್ಕೆ ಒಗ್ಗುತ್ತದೆಯೇ ಎಂದು ತಿಳಿಯಲು ಈ ಬೆನ್ನನ್ನು ಹೊಲದಂತೆ ಉತ್ತರು.

ಹಾಗೆಂದು ಆ ಔಷಧಿಯನ್ನು ಬಿಟ್ಟುಬಿಡಬೇಕೆಂದು ನಾವು ಹೇಳುತ್ತಿಲ್ಲ. ಮೊಡವೆಯಿಂದ ನರಳುವ ಎಷ್ಟೋ ಮಕ್ಕಳಿಗೆ ಅದು ನಿಜವಾದ ಉಪಕಾರ ಮಾಡಿದೆ. ಸೀಸೆ ಕೊಳ್ಳುವಾಗ ನಮ್ಮವರು ‘ಇದರಲ್ಲಿ ಹಲಾಲ್ ಅಲ್ಲದ್ದು ಏನಾದರೂ ಸೇರಿದೆಯೇ?’ ಎಂದು ಕೇಳುವುದುಂಟು. ಕೇಳಬೇಕಾದ್ದೇ. ಆದರೆ ವಸ್ತು ಯಾವ ಪ್ರಾಣಿಯಿಂದ ಬಂತು ಎಂದು ಕೇಳುವವರು, ಅದು ಯಾವ ಮನುಷ್ಯರ ನೋವಿನಿಂದ ಬಂತು, ಯಾವ ಹುಡುಗಿಯ ಅವಮಾನದ ಮೇಲೆ ಮಾರಾಟವಾಗುತ್ತಿದೆ ಎಂದೂ ಕೇಳಬೇಕಲ್ಲವೇ?

ಒಗ್ಗುವ ಪ್ರಶ್ನೆಯನ್ನು ಒಪ್ಪಿಗೆಯ ಪ್ರಶ್ನೆ ನುಂಗಿದಾಗ ಏನಾಗುತ್ತದೆಂಬುದಕ್ಕೆ ದೂರದ ಉದಾಹರಣೆ ಬೇಕಿಲ್ಲ. ನಮ್ಮ ಪರಿಚಯದ ಮನೆಯೊಂದರಲ್ಲಿ ಬಿ.ಕಾಂ. ಓದುತ್ತಿದ್ದ ಹುಡುಗಿಯೊಬ್ಬಳಿಗೆ ಜಿಡ್ಡಿನ ಚರ್ಮ, ಗಲ್ಲದ ಮೇಲೆ ನಾಲ್ಕಾರು ಮೊಡವೆ. ಸಂಬಂಧ ನೋಡಲು ಬರುವವರಿದ್ದಾರೆಂದು ಯಾರೋ ಒಂದು ಟ್ಯೂಬಿನ ಹೆಸರು ಹೇಳಿದರು. ಮೊದಲ ಕೆಲವು ವಾರ ಮುಖ ಫಳಫಳ ಹೊಳೆಯಿತು, ಮನೆಯವರೆಲ್ಲ ಖುಷಿಪಟ್ಟರು. ಆರು ತಿಂಗಳಾಗುವಷ್ಟರಲ್ಲಿ ಚರ್ಮ ತೆಳ್ಳಗಾಗಿ ಕೆನ್ನೆಯ ನರಗಳು ಕೆಂಪಗೆ ಕಾಣತೊಡಗಿದವು. ಮುಖದ ಮೇಲೆ ಕೂದಲು ಹುಟ್ಟಿತು. ಹಚ್ಚುವುದನ್ನು ಬಿಟ್ಟರೆ ಉರಿ, ಹಚ್ಚಿದರೆ ಹಾನಿ. ಅದರಲ್ಲಿದ್ದದ್ದು ಸ್ಟಿರಾಯ್ಡ್. ಚರ್ಮವೈದ್ಯರ ಬಳಿ ಹೋಗಿ ಚೇತರಿಸಿಕೊಳ್ಳಲು ಅವಳಿಗೆ ಒಂದು ವರ್ಷಕ್ಕೂ ಹೆಚ್ಚು ಬೇಕಾಯಿತು. ಅಷ್ಟು ದಿನ ಅವಳು ದುಪಟ್ಟಾದಿಂದ ಅರ್ಧ ಮುಖ ಮುಚ್ಚಿಕೊಂಡೇ ಕಾಲೇಜಿಗೆ ಹೋಗುತ್ತಿದ್ದಳು, ಕಾರಣ ಕೇಳಿದವರಿಗೆ ಧೂಳು ಎನ್ನುತ್ತಿದ್ದಳು. ಅವಳ ಚರ್ಮಕ್ಕೆ ಒಗ್ಗುತ್ತದೆಯೇ ಎಂದು ಯಾರೂ ಕೇಳಿರಲಿಲ್ಲ. ಬರುವವರು ಒಪ್ಪುತ್ತಾರೆಯೇ ಎಂದಷ್ಟೇ ಕೇಳಿದ್ದರು.

ಇದು ಒಬ್ಬಳ ಕತೆಯಲ್ಲ. ಚರ್ಮವೈದ್ಯರು ವರ್ಷಗಟ್ಟಲೆ ಕೂಗಿದ ಮೇಲೆ 2018ರಲ್ಲಿ ಕೇಂದ್ರ ಸರಕಾರ ಹಚ್ಚುವ ಸ್ಟಿರಾಯ್ಡ್‌ಗಳಲ್ಲಿ 14 ಬಗೆಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. 2023ರಲ್ಲಿ ನಮ್ಮ ನೆರೆಯ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಬಿಳುಪಿನ ಕ್ರೀಮ್ ಹಚ್ಚುತ್ತಿದ್ದವರ ಮೂತ್ರಪಿಂಡಗಳು ಕೆಟ್ಟ ಪ್ರಕರಣಗಳು ಬೆಳಕಿಗೆ ಬಂದವು. ಕಾರಣ ಪಾದರಸ. ಅದು ಮೆಲನಿನ್ ತಯಾರಾಗುವುದನ್ನು ತಡೆಯುತ್ತದೆ, ಮುಖ ಬೇಗನೆ ಬೆಳ್ಳಗಾಗುತ್ತದೆ. ಆದರೆ ಚರ್ಮದ ಮೂಲಕ ರಕ್ತಕ್ಕೆ ಸೇರಿ ಮೂತ್ರಪಿಂಡದ ಸೋಸುವ ಜಾಲರಿಯನ್ನೇ ಹರಿಯುತ್ತದೆ. ಭಾರತದ 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಮುಖದ ಕ್ರೀಮಿನಲ್ಲಿ ಪಾದರಸ ಸೇರಿಸುವಂತೆಯೇ ಇಲ್ಲ. ತಿಳಿಯದೆ ಸೇರಿದ್ದೂ ಹತ್ತು ಲಕ್ಷದಲ್ಲಿ ಒಂದು ಪಾಲನ್ನು ಮೀರಬಾರದು. ನಿಯಮ ಹೀಗಿದ್ದರೂ ತಯಾರಕರ ಹೆಸರು ವಿಳಾಸ ಸರಿಯಾಗಿಲ್ಲದ ಡಬ್ಬಿಗಳು ಅಂಗಡಿಗೆ ಬರುತ್ತವೆ, ಏಕೆಂದರೆ ಬೇಗನೆ ಬೆಳ್ಳಗಾಗಬೇಕೆಂಬ ಅವಸರ ಅವುಗಳಿಗಿಂತ ಮೊದಲೇ ಮನೆಯೊಳಗೆ ಬಂದು ಕೂತಿರುತ್ತದೆ.

ಒಳ್ಳೆಯ ಸೀರಮ್ ಕೂಡಾ ಈ ಅವಸರದ ಕೈಯಲ್ಲಿ ಕೆಡುತ್ತದೆ. ನಮ್ಮ ಕಂದು ಚರ್ಮಕ್ಕೆ ಒಂದು ಸ್ವಭಾವವಿದೆ. ಎಲ್ಲಿ ಉರಿಯಾಗುತ್ತದೋ, ಗಾಯವಾಗುತ್ತದೋ ಅಲ್ಲಿ ಅದು ಹೆಚ್ಚು ಮೆಲನಿನ್ ಸುರಿದು ಕಪ್ಪು ಕಲೆಯನ್ನು ಬಿಟ್ಟುಹೋಗುತ್ತದೆ. ಮೊಡವೆ ಹೋದರೂ ಅದರ ಗುರುತು ತಿಂಗಳುಗಟ್ಟಲೆ ಉಳಿಯುವುದು ಇದರಿಂದಲೇ. ಈಗ ಒಬ್ಬಾಕೆ ಶೇಕಡಾ ಐದು ಸಾಲದೆಂದು ಹತ್ತರ ಸೀರಮ್ ತಂದು, ಬೆಳಿಗ್ಗೆ ಹುಳಿಯದ್ದು, ರಾತ್ರಿ ರೆಟಿನಾಲ್, ನಡುವೆ ಸುಲಿಯುವ ಆಸಿಡ್ ಎಂದು ಎಲ್ಲವನ್ನೂ ಒಟ್ಟಿಗೆ ಹಚ್ಚಿದಳೆನ್ನಿ. ಚರ್ಮ ಉರಿಯುತ್ತದೆ, ಉರಿದ ಚರ್ಮ ಕಪ್ಪಾಗುತ್ತದೆ. ಯಾವುದನ್ನು ಅಳಿಸಲು ಸೀಸೆ ಕೊಂಡಳೋ ಅದನ್ನೇ ಸೀಸೆ ಬರೆದಿತು. ಹಗಲು ಹಚ್ಚುವ ಸಾದಾ ಸನ್‌ಸ್ಕ್ರೀನ್ ಈ ಎಲ್ಲ ಸೀರಮ್‌ಗಳಿಗಿಂತ ಕಲೆಗೆ ಹೆಚ್ಚು ಉಪಕಾರಿ. ಸ್ವಲ್ಪ ತಾಳ್ಮೆ ಅದಕ್ಕಿಂತಲೂ ಹೆಚ್ಚು ಉಪಕಾರಿ.

ಇನ್ನೊಂದು ಅನ್ಯಾಯವನ್ನೂ ಹೇಳಬೇಕು. ಕಾನೂನಿನಂತೆ ಡಬ್ಬಿಯ ಮೇಲೆ ಒಳಗಿನ ವಸ್ತುಗಳ ಪಟ್ಟಿ ಇರಬೇಕು. ಶೇಕಡಾ ಒಂದಕ್ಕಿಂತ ಹೆಚ್ಚಿರುವುದನ್ನು ಪ್ರಮಾಣದ ಕ್ರಮದಲ್ಲಿ ಬರೆಯಬೇಕು, ಅದಕ್ಕಿಂತ ಕಡಿಮೆಯಿರುವುದನ್ನು ಕೊನೆಯಲ್ಲಿ ಹೇಗೆ ಬೇಕಾದರೂ ಬರೆಯಬಹುದು. ಹಾಗಾಗಿ ದೊಡ್ಡಕ್ಷರದಲ್ಲಿ ಕೇಸರಿಯ ಹೆಸರಿರುವ ಸೀಸೆಯ ಪಟ್ಟಿಯಲ್ಲಿ ಕೇಸರಿ ಎಲ್ಲಿದೆ ಎಂದು ಹುಡುಕಿದರೆ ಕೊನೆಯ ಸಾಲಿನಲ್ಲಿ ಸಿಗಬಹುದು. ಆದರೆ ಹುಡುಕುವುದಾದರೂ ಹೇಗೆ? ಭರವಸೆ ದೊಡ್ಡಕ್ಷರದಲ್ಲಿ, ಟಿವಿಯಲ್ಲಾದರೆ ಅಚ್ಚ ಕನ್ನಡದಲ್ಲಿ. ಸತ್ಯ ಮಾತ್ರ ಇರುವೆಯ ಕಾಲಿನಷ್ಟು ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ. ಕನ್ನಡ ಅಥವಾ ಉರ್ದು ಮಾತ್ರ ಓದಬಲ್ಲ ಹೆಣ್ಣುಮಗಳಿಗೆ ತನ್ನ ಚರ್ಮಕ್ಕೆ ಏನು ಒಗ್ಗುತ್ತದೆಂದು ತಿಳಿಯುವ ಹಕ್ಕನ್ನು ಕೊಟ್ಟಂತೆ ಮಾಡಿ ಕಿತ್ತುಕೊಂಡದ್ದಲ್ಲವೇ ಇದು? ಓದಬಲ್ಲ ಮಕ್ಕಳು ಮನೆಯಲ್ಲಿದ್ದರೆ, ಅಮ್ಮನ ಡಬ್ಬಿಯ ಪಟ್ಟಿಯನ್ನು ಓದಿ ಹೇಳುವುದು ಅವರ ಕೆಲಸವಾಗಬೇಕು.

ಒಂದು ಆಕ್ಷೇಪಣೆ ಬರುತ್ತದೆ. ‘ಲೋಕ ಹಾಗೆಯೇ ಇದೆ. ನೋಡಲು ಬರುವವರು ಬಣ್ಣವನ್ನೇ ನೋಡುತ್ತಾರೆ. ಹುಡುಗಿ ತನ್ನ ದಾರಿ ತಾನು ನೋಡಿಕೊಂಡರೆ ತಪ್ಪೇನು?’ ತಪ್ಪು ಅವಳದಲ್ಲ ಎಂಬುದು ನಮ್ಮ ಮಾತೂ ಹೌದು. ಉತ್ತೀರ್ಣಳಾಗಲೇಬೇಕಾದ ಪರೀಕ್ಷೆಗೆ ಕೂರಿಸಿ, ಓದಿಕೊಂಡದ್ದಕ್ಕೆ ಬೈಯುವುದು ನ್ಯಾಯವಲ್ಲ. ಅಂದವಾಗಿ ಕಾಣುವ ಆಸೆಯೂ ತಪ್ಪಲ್ಲ, ಒಳ್ಳೆಯ ಬಟ್ಟೆ ಉಡುವ, ಅತ್ತರು ಹಚ್ಚುವ ಆಸೆಯಂತೆ ಅದೂ ಒಂದು. ಆದ್ದರಿಂದ ಈ ಲೇಖನದ ಉಪದೇಶ, ಉಪದೇಶವೆನ್ನುವುದಾದರೆ, ಸೀಸೆ ಹಿಡಿದವಳಿಗಲ್ಲ. ಪ್ರಶ್ನೆಪತ್ರಿಕೆ ತಯಾರಿಸುವವರಿಗೆ. ಮಗನಿಗೆ ಹೆಣ್ಣು ಹುಡುಕುವ ತಾಯಂದಿರಿಗೆ, ‘ಗೌರವರ್ಣದ ವಧು ಬೇಕಾಗಿದ್ದಾಳೆ’ ಎಂದು ಜಾಹೀರಾತು ಕೊಡುವ ಅಣ್ಣಂದಿರಿಗೆ, ತೊಟ್ಟಿಲ ಮಗುವನ್ನು ನೋಡಿದ ಕೂಡಲೇ ‘ಅಪ್ಪನ ಬಣ್ಣವೋ ಅಮ್ಮನ ಬಣ್ಣವೋ’ ಎಂದು ಕೇಳುವ ನೆಂಟರಿಗೆ.

ಅವಳಿಗೆ ಹೇಳಬೇಕಾದದ್ದು ಮೂರೇ ಪ್ರಶ್ನೆಗಳು. ಈ ಸೀಸೆಯಲ್ಲಿ ಏನಿದೆ? ಅದು ನನ್ನ ಚರ್ಮಕ್ಕೆ ಏನು ಮಾಡುತ್ತದೆ? ಯಾರೂ ನೋಡಲು ಬರದಿದ್ದರೂ ನನಗೆ ಇದು ಬೇಕಾಗಿತ್ತೇ? ಒಣಗಿ ಬಿರಿದ ಕೆನ್ನೆಗೆ ತೇವ ಬೇಕು, ನೋಯುವ ಮೊಡವೆಗೆ ಮದ್ದು ಬೇಕು, ಬಿಸಿಲಲ್ಲಿ ನಡೆಯುವ ಮುಖಕ್ಕೆ ನೆರಳು ಬೇಕು. ಮೂರನೆಯ ಪ್ರಶ್ನೆಗೆ ಹೌದೆಂಬ ಉತ್ತರ ಬಂದರೆ ಕೊಳ್ಳಲಿ, ನೆಮ್ಮದಿಯಿಂದ ಹಚ್ಚಲಿ. ಅಲ್ಲವೆಂದಾದರೆ ಆ ಸೀಸೆಯ ಬೆಲೆಯನ್ನು ಅವಳಲ್ಲ, ಅವಳನ್ನು ನೋಡಲು ಬರುವವರು ಕೊಡಬೇಕು, ತಮ್ಮ ಕಣ್ಣನ್ನು ಸ್ವಲ್ಪ ತೊಳೆದುಕೊಂಡು.